ನಿಯಮ ಮತ್ತು ನೋಟ: ಜಾಲ ತಂತ್ರಾಂಶಗಳಲ್ಲಿ ವ್ಯವಹಾರ ತರ್ಕ ಮತ್ತು ಪ್ರಸ್ತುತಿಯ ವಿಂಗಡಣೆಯ ಚರಿತ್ರೆ

ಪ್ರವೇಶ

ಯಕ್ಷಗಾನದ ಒಂದೇ ಪ್ರಸಂಗವನ್ನು ಬಯಲಾಟವಾಗಿಯೂ ಆಡಬಹುದು, ತಾಳಮದ್ದಳೆಯಾಗಿಯೂ ನಡೆಸಬಹುದು. ಮೊದಲನೆಯದರಲ್ಲಿ ವೇಷ, ಕುಣಿತ, ರಂಗಸ್ಥಳಗಳಿವೆ. ಎರಡನೆಯದರಲ್ಲಿ ಇವು ಯಾವುವೂ ಇಲ್ಲ. ಭಾಗವತರು ಹಾಡುವ ಪದ್ಯಗಳು ಮಾತ್ರ ಎರಡರಲ್ಲಿಯೂ ಒಂದೇ ಪ್ರಸಂಗದವು. ಪ್ರಸಂಗ ಬೇರೆ, ಅದರ ಪ್ರಸ್ತುತಿ ಬೇರೆ ಎಂಬ ತಿಳಿವಳಿಕೆ ಕಲಾವಿದರಿಗೂ ಪ್ರೇಕ್ಷಕರಿಗೂ ಸಹಜವಾಗಿಯೇ ಇದೆ. ಜಾನಪದ ಶಾಸ್ತ್ರದಲ್ಲಿ ಈ ವಿಷಯ ವಿಸ್ತೃತ ಚರ್ಚೆಗೆ ಒಳಗಾಗಿದೆ. ಅಮೆರಿಕದ ವಿದ್ವಾಂಸ ಅಲನ್ ಡಂಡೆಸ್ ಅವರು 1964ರ ತಮ್ಮ ಪ್ರಬಂಧವೊಂದರಲ್ಲಿ ಜಾನಪದ ಸಾಮಗ್ರಿಯನ್ನು ಹೆಣಿಗೆ, ಪಠ್ಯ, ಸಂದರ್ಭ ಎಂಬ ಮೂರು ನೆಲೆಗಳಲ್ಲಿ ಪರಿಶೀಲಿಸಬೇಕೆಂದು ಪ್ರತಿಪಾದಿಸಿದರು. ಪ್ರಾಸ, ಒತ್ತು, ದನಿಯ ಏರಿಳಿತಗಳು ಹೆಣಿಗೆಗೆ ಸೇರುತ್ತವೆ. ಕಥೆಯ ಅಥವಾ ಗಾದೆಯ ಒಂದು ನಿರ್ದಿಷ್ಟ ರೂಪ ಪಠ್ಯ. ಅದು ಹೊರಬರುವ ಸಾಮಾಜಿಕ ಸನ್ನಿವೇಶ ಸಂದರ್ಭ. ಈ ವಿಂಗಡಣೆ ಅಧ್ಯಯನಕ್ಕೆ ಅನಿವಾರ್ಯವಾದರೂ ಪ್ರಯೋಗದಲ್ಲಿ ಮೂರೂ ಬಿಡಿಬಿಡಿಯಾಗಿ ದೊರೆಯುವುದಿಲ್ಲ ಎಂಬುದು ಕ್ಷೇತ್ರಕಾರ್ಯ ಮಾಡಿದ ಎಲ್ಲರ ಅನುಭವ.

ಗಣಕ ವಿಜ್ಞಾನದಲ್ಲಿಯೂ ಇಂತಹುದೇ ಒಂದು ವಿಂಗಡಣೆಯ ಪ್ರಯತ್ನ ಅರ್ಧ ಶತಮಾನಕ್ಕೂ ಹೆಚ್ಚು ಕಾಲದಿಂದ ನಡೆದುಬಂದಿದೆ. ಅಂತರಜಾಲದ ಮೂಲಕ ಬಳಸುವ ತಂತ್ರಾಂಶಗಳಲ್ಲಿ ವ್ಯವಹಾರ ತರ್ಕವನ್ನು ಅದರ ಪ್ರಸ್ತುತಿಯಿಂದ ಬೇರ್ಪಡಿಸಬೇಕು ಎಂಬುದು ಈ ಪ್ರಯತ್ನದ ಪ್ರಸಿದ್ಧ ಸೂತ್ರ. ತಂತ್ರಜ್ಞರ ಬರಹಗಳಲ್ಲಿ ಇದನ್ನು ಗೊಂದಲದಿಂದ ಶುದ್ಧಿಯ ಕಡೆಗೆ ಸಾಗಿದ ಪ್ರಗತಿಯ ಕಥೆಯಾಗಿ ನಿರೂಪಿಸುವುದುಂಟು. ಘಟನೆಗಳನ್ನು ಕಾಲಾನುಕ್ರಮದಲ್ಲಿ ಪರಿಶೀಲಿಸಿದಾಗ ಬೇರೆಯೇ ಚಿತ್ರ ಮೂಡುತ್ತದೆ. ನಿಯಮ ಮತ್ತು ನೋಟಗಳ ನಡುವಿನ ಗೆರೆ ಯಾವ ಕಾಲದಲ್ಲಿಯೂ ಒಂದೇ ಕಡೆ ನಿಂತಿಲ್ಲ. ಅದು ಎಲ್ಲಿರಬೇಕೆಂಬುದನ್ನು ತೀರ್ಮಾನಿಸಿದ್ದು ಮುಖ್ಯವಾಗಿ ಎರಡು ಪ್ರಶ್ನೆಗಳು: ಯಾವುದನ್ನು ಬದಲಾಯಿಸುವ ಅಧಿಕಾರ ಯಾರಿಗೆ ಇರಬೇಕು? ಯಾವುದು ಯಾವುದಕ್ಕಿಂತ ಹೆಚ್ಚು ಕಾಲ ಬಾಳಬೇಕು? ಈ ಎರಡು ಪ್ರಶ್ನೆಗಳ ಬೆಳಕಿನಲ್ಲಿ ಸದರಿ ವಿಂಗಡಣೆಯ ಚರಿತ್ರೆಯನ್ನು ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ. ಗ್ರಂಥಾಲಯಗಳಿಗೂ ಕನ್ನಡ ಪಠ್ಯಗಳ ಗಣಕೀಕರಣಕ್ಕೂ ಈ ಚರಿತ್ರೆ ನೇರವಾಗಿ ಸಂಬಂಧಿಸಿದೆ ಎಂಬುದು ಮುಂದಿನ ವಿವೇಚನೆಯಿಂದ ಸ್ಪಷ್ಟವಾಗುತ್ತದೆ.

ವ್ಯವಹಾರ ಎಂಬ ಮಾತು

ಬಿಸಿನೆಸ್ ಲಾಜಿಕ್ ಎಂಬ ಪದಪುಂಜವನ್ನು ಕನ್ನಡದಲ್ಲಿ ವ್ಯವಹಾರ ತರ್ಕ ಎನ್ನಬಹುದು. ಇಲ್ಲಿ ವ್ಯವಹಾರವೆಂದರೆ ವ್ಯಾಪಾರ ಮಾತ್ರವಲ್ಲ. ಧರ್ಮಶಾಸ್ತ್ರ ಗ್ರಂಥಗಳಲ್ಲಿ ನ್ಯಾಯವಿಚಾರಣೆಯ ಕ್ರಮವನ್ನೂ ವ್ಯವಹಾರ ಎಂದೇ ಕರೆಯಲಾಗಿದೆ. ಆ ವಿಶಾಲವಾದ ಅರ್ಥವೇ ಇಲ್ಲಿಗೆ ಹೆಚ್ಚು ಹೊಂದುತ್ತದೆ. ಒಂದು ಸಂಸ್ಥೆ ಯಾವ ನಿಯಮಗಳಿಗೆ ಒಳಪಟ್ಟು ತನ್ನ ಕೆಲಸವನ್ನು ನಡೆಸುತ್ತದೆಯೋ ಆ ನಿಯಮಗಳ ಮೊತ್ತವೇ ವ್ಯವಹಾರ ತರ್ಕ. ಆ ಕೆಲಸ ಬಳಕೆದಾರನ ಕಣ್ಣಿಗೆ ಯಾವ ರೂಪದಲ್ಲಿ ಕಾಣಿಸುತ್ತದೆಯೋ ಅದು ಪ್ರಸ್ತುತಿ.

ಗ್ರಂಥಾಲಯವೊಂದನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಎರವಲು ಪಡೆದ ಪುಸ್ತಕವನ್ನು ಹದಿನೈದು ದಿನಗಳೊಳಗೆ ಹಿಂದಿರುಗಿಸಬೇಕು, ತಡವಾದರೆ ದಂಡ ತೆರಬೇಕು ಎಂಬುದು ನಿಯಮ. ದಂಡದ ಮೊತ್ತವನ್ನು ಪರದೆಯ ಬಲಬದಿಯಲ್ಲಿ ತೋರಿಸಬೇಕೆ, ಕೆಂಪು ಬಣ್ಣದಲ್ಲಿ ತೋರಿಸಬೇಕೆ ಎಂಬುದು ಪ್ರಸ್ತುತಿಯ ಪ್ರಶ್ನೆ. ನಿಯಮವನ್ನು ಗ್ರಂಥಾಲಯ ಸಮಿತಿ ರೂಪಿಸುತ್ತದೆ. ಪರದೆಯನ್ನು ವಿನ್ಯಾಸಕಾರ ರೂಪಿಸುತ್ತಾನೆ. ಇಬ್ಬರೂ ತಮ್ಮ ತಮ್ಮ ತೀರ್ಮಾನವನ್ನು ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಕಾರಣಗಳಿಗಾಗಿ ಬದಲಾಯಿಸುತ್ತಾರೆ. ಇವೆರಡನ್ನೂ ಒಂದೇ ಕಡತದಲ್ಲಿ ಹೆಣೆದಿಟ್ಟರೆ ಒಬ್ಬನ ತಿದ್ದುಪಡಿ ಇನ್ನೊಬ್ಬನ ಕೆಲಸವನ್ನು ಕೆಡಿಸುವ ಸಂಭವವಿರುತ್ತದೆ.

ಕರ್ನಾಟಕದಲ್ಲಿ ಪಹಣಿಗಳನ್ನು ಗಣಕೀಕರಿಸಿದ ಭೂಮಿ ಯೋಜನೆಯೂ ಈ ಸಂದರ್ಭದಲ್ಲಿ ಉಲ್ಲೇಖಾರ್ಹ. ಆರಂಭದಲ್ಲಿ ಅದು ಜಾಲ ತಂತ್ರಾಂಶವಾಗಿರಲಿಲ್ಲ. ತಾಲ್ಲೂಕು ಕಚೇರಿಯ ಗಣಕದಲ್ಲಿ ನಡೆಯುತ್ತಿದ್ದ ವ್ಯವಸ್ಥೆಯಾಗಿತ್ತು. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲಿಯೇ ವಿಲೇವಾರಿ ಮಾಡಬೇಕೆಂಬ ನಿಯಮವನ್ನು ಆ ತಂತ್ರಾಂಶದಲ್ಲಿಯೇ ಅಳವಡಿಸಲಾಗಿತ್ತು. ರೈತನಿಗೆ ಮುಖ್ಯವಾದದ್ದು ಈ ಸರದಿಯ ನಿಯಮ. ಅರ್ಜಿಯ ವಿವರವನ್ನು ಕಚೇರಿಯ ಪರದೆಯಲ್ಲಿ ನೋಡಿದರೂ ಮುದ್ರಿತ ಕಾಗದದಲ್ಲಿ ನೋಡಿದರೂ ಆ ನಿಯಮ ಬದಲಾಗುವಂತಿಲ್ಲ. ನಿಯಮವು ನೋಟಕ್ಕೆ ಅಧೀನವಾಗಬಾರದು ಎಂಬ ಮಾತಿನ ಸಾಮಾಜಿಕ ಮಹತ್ವ ಇಂತಹ ಕಡೆಗಳಲ್ಲಿ ವ್ಯಕ್ತವಾಗುತ್ತದೆ.

ಮುದ್ರಣದ ಹಿನ್ನೆಲೆ

ವಿಂಗಡಣೆಯ ಈ ವಿಚಾರದ ಒಂದು ಬೇರು ಮುದ್ರಣ ಕ್ಷೇತ್ರದಲ್ಲಿದೆ. 1967ರಲ್ಲಿ ಕೆನಡಾ ಸರ್ಕಾರದ ಮುದ್ರಣ ಕಚೇರಿಯಲ್ಲಿ ನಡೆದ ಸಭೆಯಲ್ಲಿ ವಿಲಿಯಂ ಟನಿಕ್ಲಿಫ್ ಅವರು ದಾಖಲೆಯ ವಿಷಯವನ್ನು ಅದರ ಅಚ್ಚಿನ ರೂಪದಿಂದ ಪ್ರತ್ಯೇಕಿಸುವ ಬಗ್ಗೆ ಮಾತನಾಡಿದರು. 1969ರಲ್ಲಿ ಐಬಿಎಂ ಸಂಸ್ಥೆಯ ಚಾರ್ಲ್ಸ್ ಗೋಲ್ಡ್‌ಫಾರ್ಬ್ ಮತ್ತು ಅವರ ಸಹೋದ್ಯೋಗಿಗಳು ಜಿಎಂಎಲ್ ಎಂಬ ಗುರುತು ಭಾಷೆಯನ್ನು ರೂಪಿಸಿದರು. ಈ ಭಾಷೆಯಲ್ಲಿ ಒಂದು ಸಾಲನ್ನು ದಪ್ಪಕ್ಷರದಲ್ಲಿ ಮುದ್ರಿಸಬೇಕು ಎಂದು ಗುರುತಿಸುವುದಕ್ಕೆ ಬದಲಾಗಿ ಅದು ಶೀರ್ಷಿಕೆ ಎಂದು ಗುರುತಿಸಲಾಗುತ್ತಿತ್ತು. ಶೀರ್ಷಿಕೆ ಹೇಗೆ ಕಾಣಬೇಕೆಂಬುದು ಆಮೇಲಿನ ತೀರ್ಮಾನ. ಈ ಪರಂಪರೆಯೇ 1986ರಲ್ಲಿ ಎಸ್‌ಜಿಎಂಎಲ್ ಎಂಬ ಅಂತರರಾಷ್ಟ್ರೀಯ ಮಾನಕವಾಯಿತು. ಜಾಲಪುಟಗಳ ಭಾಷೆಯಾದ ಎಚ್‌ಟಿಎಂಎಲ್ ರೂಪುಗೊಂಡದ್ದು ಇದರ ಪ್ರಭಾವದಿಂದ.

ಇನ್ನೊಂದು ಬೇರು ಕ್ರಮವಿಧಿ ರಚನೆಯ ಸಿದ್ಧಾಂತದಲ್ಲಿದೆ. ಒಂದು ಸಮಸ್ಯೆಯ ಬೇರೆ ಬೇರೆ ಮುಖಗಳನ್ನು ಒಂದೊಂದಾಗಿ ತೆಗೆದುಕೊಂಡು ಯೋಚಿಸಬೇಕೆಂಬ ತತ್ತ್ವವನ್ನು ಡಚ್ ವಿಜ್ಞಾನಿ ಎಡ್ಸ್ಗರ್ ಡೈಕ್‌ಸ್ಟ್ರಾ 1974ರ ಬರಹವೊಂದರಲ್ಲಿ ಮಂಡಿಸಿದರು. ಅದಕ್ಕೂ ಮೊದಲು, 1972ರಲ್ಲಿ, ಡೇವಿಡ್ ಪಾರ್ನಾಸ್ ಅವರು ತಂತ್ರಾಂಶವನ್ನು ಭಾಗಗಳಾಗಿ ಒಡೆಯುವಾಗ ಬದಲಾಗುವ ಸಂಭವವಿರುವ ತೀರ್ಮಾನಗಳನ್ನು ಒಂದೊಂದು ಭಾಗದೊಳಗೆ ಮರೆಮಾಡಬೇಕೆಂದು ತೋರಿಸಿದ್ದರು. ಏನನ್ನು ಬೇರ್ಪಡಿಸಬೇಕು ಎಂಬ ಪ್ರಶ್ನೆಗೆ, ಬೇರೆ ಬೇರೆ ಕಾಲದಲ್ಲಿ ಬದಲಾಗುವಂತಹವನ್ನು ಎಂಬುದು ಪಾರ್ನಾಸ್ ಅವರ ವಾದದಿಂದ ದೊರೆಯುವ ಉತ್ತರ. ಮುಂದಿನ ಚರಿತ್ರೆಯನ್ನು ಅರಿಯಲು ಈ ಉತ್ತರವೇ ಹೆಚ್ಚು ನೆರವಾಗುತ್ತದೆ.

ರೀನ್‌ಸ್ಕೌಗ್ ಅವರ ಟಿಪ್ಪಣಿಗಳು

ಪರದೆಯ ಮೇಲಿನ ನೋಟವನ್ನು ಅದರ ಹಿಂದಿನ ವಿಷಯದಿಂದ ಬೇರ್ಪಡಿಸಿದ ಪ್ರಸಿದ್ಧ ವಿನ್ಯಾಸಕ್ಕೆ ಮಾಡೆಲ್, ವ್ಯೂ, ಕಂಟ್ರೋಲರ್ ಎಂದು ಹೆಸರು. ಇದರ ಕರ್ತೃ ನಾರ್ವೆಯ ತ್ರಿಗ್ವೆ ರೀನ್‌ಸ್ಕೌಗ್. ಅವರು 1960ರ ದಶಕದಲ್ಲಿ ಓಸ್ಲೋದಲ್ಲಿ ಹಡಗುಗಳ ವಿನ್ಯಾಸಕ್ಕೆ ನೆರವಾಗುವ ಆಟೋಕಾನ್ ಎಂಬ ತಂತ್ರಾಂಶ ವ್ಯವಸ್ಥೆಯನ್ನು ನಿರ್ಮಿಸಿದ್ದರು. 1978 ಮತ್ತು 1979ರಲ್ಲಿ ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದಲ್ಲಿದ್ದ ಝೆರಾಕ್ಸ್ ಸಂಶೋಧನಾ ಕೇಂದ್ರಕ್ಕೆ ಅತಿಥಿ ಸಂಶೋಧಕರಾಗಿ ಬಂದರು. ಸ್ಮಾಲ್‌ಟಾಕ್ ಭಾಷೆಯನ್ನು ರೂಪಿಸುತ್ತಿದ್ದ ತಂಡದೊಡನೆ ಕೆಲಸ ಮಾಡುತ್ತ 1979ರ ಮೇ ಮತ್ತು ಡಿಸೆಂಬರ್ ತಿಂಗಳುಗಳಲ್ಲಿ ಎರಡು ಚಿಕ್ಕ ಟಿಪ್ಪಣಿಗಳನ್ನು ಬರೆದರು. ಡಿಸೆಂಬರಿನ ಟಿಪ್ಪಣಿಯಲ್ಲಿ ಮೂರು ಹೆಸರುಗಳೂ ಸ್ಥಿರಗೊಂಡವು. ಮಾಡೆಲ್ ಎಂದರೆ ವಿಷಯದ ಜ್ಞಾನ. ವ್ಯೂ ಎಂದರೆ ಆ ಜ್ಞಾನದ ಒಂದು ದೃಶ್ಯರೂಪ. ಒಂದೇ ಮಾಡೆಲ್‌ಗೆ ಅನೇಕ ವ್ಯೂಗಳಿರಬಹುದು. ಕಂಟ್ರೋಲರ್ ಎಂದರೆ ಬಳಕೆದಾರನ ಆಜ್ಞೆಗಳನ್ನು ಸ್ವೀಕರಿಸಿ ಮುಂದಕ್ಕೆ ಸಾಗಿಸುವ ಕೊಂಡಿ.

ರೀನ್‌ಸ್ಕೌಗ್ ಅವರ ಗುರಿ ಕ್ರಮವಿಧಿಕಾರರ ಅನುಕೂಲವಷ್ಟೇ ಆಗಿರಲಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ಬಳಕೆದಾರನ ಮನಸ್ಸಿನಲ್ಲಿರುವ ವಿಷಯದ ಚಿತ್ರಕ್ಕೂ ಗಣಕದಲ್ಲಿರುವ ಅದರ ಪ್ರತಿರೂಪಕ್ಕೂ ನಡುವಿನ ಅಂತರವನ್ನು ಕಡಿಮೆ ಮಾಡುವುದು ಅವರ ಆಶಯವಾಗಿತ್ತು. ಒಂದು ದೊಡ್ಡ ಯೋಜನೆಯ ವಿವರಗಳನ್ನು ಎಂಜಿನಿಯರನು ನಕ್ಷೆಯಾಗಿ, ಪಟ್ಟಿಯಾಗಿ, ಕಾಲಸೂಚಿಯಾಗಿ ನೋಡುತ್ತ ಎಲ್ಲವೂ ಒಂದೇ ವಿಷಯದ ನೋಟಗಳೆಂದು ಅರಿಯಬೇಕು; ಒಂದು ನೋಟದಲ್ಲಿ ಮಾಡಿದ ತಿದ್ದುಪಡಿ ಉಳಿದ ನೋಟಗಳಲ್ಲಿಯೂ ಕಾಣಬೇಕು. 2024ರಲ್ಲಿ ನಿಧನರಾದ ರೀನ್‌ಸ್ಕೌಗ್ ತಮ್ಮ ಕೊನೆಯ ದಶಕಗಳಲ್ಲಿಯೂ ಈ ಮೂಲ ಆಶಯವನ್ನು ಒತ್ತಿಹೇಳಿದ್ದರು. ಅವರ ವಿನ್ಯಾಸವು ಹೊರಗಿನ ಓದುಗರಿಗೆ ವ್ಯಾಪಕವಾಗಿ ಪರಿಚಯವಾದದ್ದು 1988ರಲ್ಲಿ ಗ್ಲೆನ್ ಕ್ರಾಸ್ನರ್ ಮತ್ತು ಸ್ಟೀಫನ್ ಪೋಪ್ ಬರೆದ ಲೇಖನದಿಂದ. ಆಗ ಜಾಲವೆಂಬುದು ಇನ್ನೂ ಹುಟ್ಟಿರಲಿಲ್ಲ.

ಕ್ರಮವಿಧಿಯೊಳಗೆ ಪುಟ, ಪುಟದೊಳಗೆ ಕ್ರಮವಿಧಿ

ಟಿಮ್ ಬರ್ನರ್ಸ್-ಲೀ ಅವರು ಸ್ವಿಟ್ಜರ್ಲೆಂಡಿನ ಸೆರ್ನ್ ಸಂಸ್ಥೆಯಲ್ಲಿ 1989ರಲ್ಲಿ ಪ್ರಸ್ತಾಪಿಸಿದ ವಿಶ್ವವ್ಯಾಪಿ ಜಾಲವು ಮೂಲತಃ ದಾಖಲೆಗಳನ್ನು ಓದುವ ಸಾಧನವಾಗಿತ್ತು. ಓದುಗನ ಕೋರಿಕೆಗೆ ತಕ್ಕಂತೆ ಪುಟವನ್ನು ಆ ಕ್ಷಣದಲ್ಲಿ ರಚಿಸಿಕೊಡುವ ಸೌಲಭ್ಯ ವ್ಯಾಪಕವಾದದ್ದು 1993ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ಸೂಪರ್ ಕಂಪ್ಯೂಟಿಂಗ್ ಕೇಂದ್ರ ರೂಪಿಸಿದ ಸಿಜಿಐ ಎಂಬ ಒಡಂಬಡಿಕೆಯಿಂದ. ಇದರಂತೆ, ಕೋರಿಕೆ ಬಂದಾಗ ಸರ್ವರ್ ಒಂದು ಕ್ರಮವಿಧಿಯನ್ನು ನಡೆಸುತ್ತದೆ. ಆ ಕ್ರಮವಿಧಿ ಬರೆದು ಹೊರಹಾಕಿದ ಅಕ್ಷರಗಳೇ ಓದುಗನಿಗೆ ಪುಟವಾಗಿ ತಲಪುತ್ತವೆ. ಪರ್ಲ್ ಭಾಷೆಯಲ್ಲಿ ಬರೆದ ಅಂದಿನ ಕ್ರಮವಿಧಿಗಳಲ್ಲಿ ಲೆಕ್ಕಾಚಾರದ ಸಾಲುಗಳ ನಡುವೆಯೇ ಎಚ್‌ಟಿಎಂಎಲ್ ಗುರುತುಗಳನ್ನು ಮುದ್ರಿಸುವ ಆಜ್ಞೆಗಳು ಹರಡಿಕೊಂಡಿರುತ್ತಿದ್ದವು. ಪುಟದ ಬಣ್ಣವನ್ನು ಬದಲಾಯಿಸಲು ಸಹ ಕ್ರಮವಿಧಿಕಾರನೇ ಬೇಕಾಗುತ್ತಿತ್ತು.

1995ರಲ್ಲಿ ರಾಸ್ಮಸ್ ಲೆರ್ಡೋರ್ಫ್ ಬಿಡುಗಡೆ ಮಾಡಿದ ಸಾಧನಗಳಿಂದ ಬೆಳೆದುಬಂದ ಪಿಎಚ್‌ಪಿ ಈ ಕ್ರಮವನ್ನು ತಿರುಗಿಸಿತು. 1996ರ ಕೊನೆಗೆ ಬಂದ ಮೈಕ್ರೋಸಾಫ್ಟ್‌ನ ಎಎಸ್‌ಪಿ ಹಾಗೂ 1999ರಲ್ಲಿ ಮೊದಲ ಆವೃತ್ತಿ ಹೊರಬಂದ ಜಾವಾದ ಜೆಎಸ್‌ಪಿಗಳೂ ಅದೇ ಜಾಡಿನವು. ಹಿಂದೆ ಕ್ರಮವಿಧಿಯೊಳಗೆ ಪುಟವಿದ್ದರೆ ಈಗ ಪುಟದೊಳಗೆ ಕ್ರಮವಿಧಿ ಬಂದಿತು. ಪುಟ ಬರೆಯಬಲ್ಲ ಯಾರೇ ಆದರೂ ನಡುನಡುವೆ ನಾಲ್ಕಾರು ಆಜ್ಞೆಗಳನ್ನು ಸೇರಿಸಿ ಜೀವಂತ ಜಾಲತಾಣವನ್ನು ಕಟ್ಟುವುದು ಸಾಧ್ಯವಾಯಿತು. ಜಾಲದ ಪ್ರಸಾರಕ್ಕೆ ಈ ಸರಳತೆ ನೀಡಿದ ಕೊಡುಗೆ ದೊಡ್ಡದು. ಅದರ ಬೆಲೆ ಆಮೇಲೆ ಗೊತ್ತಾಯಿತು. ಮೇಲೆ ಹೇಳಿದ ಗ್ರಂಥಾಲಯದ ದಂಡದ ನಿಯಮವನ್ನು ಸದಸ್ಯರ ಪುಟದಲ್ಲಿ ಒಮ್ಮೆ, ಪುಸ್ತಕ ಹಿಂಪಡೆಯುವ ಪುಟದಲ್ಲಿ ಒಮ್ಮೆ, ತಿಂಗಳ ವರದಿಯಲ್ಲಿ ಮತ್ತೊಮ್ಮೆ ಬರೆದಿಟ್ಟರೆ ನಿಯಮ ಬದಲಾದ ದಿನ ಮೂರು ಕಡೆಯೂ ತಿದ್ದಬೇಕು. ಒಂದು ಕಡೆ ಮರೆತರೆ ಅದೇ ಸದಸ್ಯನಿಗೆ ಒಂದು ಪುಟ ಒಂದು ಮೊತ್ತವನ್ನೂ ಇನ್ನೊಂದು ಪುಟ ಬೇರೆ ಮೊತ್ತವನ್ನೂ ತೋರಿಸುತ್ತದೆ. ನಿಯಮಕ್ಕೆ ಅಧಿಕೃತ ಪಾಠವೇ ಇಲ್ಲದ ಸ್ಥಿತಿ ಇದು.

ಇದೇ ಅವಧಿಯಲ್ಲಿ ಇನ್ನೊಂದು ವಿಂಗಡಣೆಯೂ ನಡೆಯಿತು. ಹೋಕನ್ ವಿಯಮ್ ಲೀ ಅವರು 1994ರಲ್ಲಿ ಪ್ರಸ್ತಾಪಿಸಿ 1996ರ ಡಿಸೆಂಬರಿನಲ್ಲಿ ಮಾನಕವಾದ ಸಿಎಸ್‌ಎಸ್ ಶೈಲಿಪತ್ರಗಳು ಪುಟದ ವಿಷಯವನ್ನು ಅದರ ಬಣ್ಣ, ಅಕ್ಷರಗಾತ್ರ, ಅಂಚುಗಳಿಂದ ಬೇರ್ಪಡಿಸಿದವು. ಇದು ಮುದ್ರಣ ಪರಂಪರೆಯಿಂದ ಬಂದ ವಿಂಗಡಣೆ. ಸಂಸ್ಥೆಯ ನಿಯಮ ಪುಟದಲ್ಲಿದೆಯೋ ಹೊರಗಿದೆಯೋ ಎಂಬ ಪ್ರಶ್ನೆಯನ್ನು ಇದು ಮುಟ್ಟುವುದಿಲ್ಲ. ಎರಡನ್ನೂ ಒಂದೇ ಎಂದು ಭಾವಿಸಿದ್ದರಿಂದ ಅನೇಕ ಚರ್ಚೆಗಳು ದಾರಿತಪ್ಪಿವೆ.

ಹೆಸರಿನ ವಲಸೆ

ಜಾನಪದ ಕಥೆಗಳ ಆಶಯಗಳು ಒಂದು ಪ್ರದೇಶದಿಂದ ಇನ್ನೊಂದಕ್ಕೆ ವಲಸೆ ಹೋದಾಗ ಹೆಸರು ಉಳಿದು ಅರ್ಥ ಬದಲಾಗುವುದುಂಟು. ರೀನ್‌ಸ್ಕೌಗ್ ಅವರ ಮೂರು ಹೆಸರುಗಳಿಗೂ ಹಾಗೆಯೇ ಆಯಿತು. 1998ರ ಜೆಎಸ್‌ಪಿ ಕರಡು ವಿವರಣೆಯಲ್ಲಿ ಪುಟಗಳನ್ನು ಕಟ್ಟುವ ಎರಡು ಮಾದರಿಗಳನ್ನು ವಿವರಿಸಲಾಗಿತ್ತು. ಎರಡನೆಯ ಮಾದರಿಯಲ್ಲಿ ಕೋರಿಕೆಯನ್ನು ಮೊದಲು ಒಂದು ಜಾವಾ ಕ್ರಮವಿಧಿ ಸ್ವೀಕರಿಸಿ, ಮಾಡಬೇಕಾದ ಕೆಲಸವನ್ನು ಮುಗಿಸಿ, ಫಲಿತಾಂಶವನ್ನು ಮಾತ್ರ ಪುಟಕ್ಕೆ ಒಪ್ಪಿಸುತ್ತಿತ್ತು. 1999ರ ಕೊನೆಯಲ್ಲಿ ಗೋವಿಂದ್ ಶೇಷಾದ್ರಿ ಅವರು ಜಾವಾವರ್ಲ್ಡ್ ಪತ್ರಿಕೆಯಲ್ಲಿ ಬರೆದ ಲೇಖನ ಈ ಮಾದರಿಯನ್ನು ಮಾಡೆಲ್, ವ್ಯೂ, ಕಂಟ್ರೋಲರ್ ವಿನ್ಯಾಸದೊಡನೆ ಸಮೀಕರಿಸಿ ಪ್ರಚುರಪಡಿಸಿತು. 2000ದಲ್ಲಿ ಕ್ರೇಗ್ ಮೆಕ್ಲಾನಹನ್ ರೂಪಿಸಿ ಅಪಾಚೆ ಸಂಸ್ಥೆಗೆ ನೀಡಿದ ಸ್ಟ್ರಟ್ಸ್ ಎಂಬ ಚೌಕಟ್ಟು ಇದನ್ನು ಜಗತ್ತಿನ ಸಾವಿರಾರು ಕಚೇರಿಗಳಿಗೆ ತಲಪಿಸಿತು.

ಸ್ಮಾಲ್‌ಟಾಕ್‌ನಲ್ಲಿ ವ್ಯೂ ತನ್ನ ಮಾಡೆಲ್ ಅನ್ನು ಗಮನಿಸುತ್ತಲೇ ಇದ್ದು, ಅದು ಬದಲಾದೊಡನೆ ತನ್ನನ್ನು ತಾನೇ ಮತ್ತೆ ಚಿತ್ರಿಸಿಕೊಳ್ಳುತ್ತಿತ್ತು. ಅಂದಿನ ಜಾಲದಲ್ಲಿ ಇದು ಸಾಧ್ಯವಿರಲಿಲ್ಲ. ಸರ್ವರಿನಿಂದ ಹೊರಟ ಪುಟ ಅಂಚೆಗೆ ಹಾಕಿದ ಕಾಗದದಂತೆ. ಆಮೇಲೆ ಮೂಲದಲ್ಲಿ ಆದ ಬದಲಾವಣೆ ಅದಕ್ಕೆ ತಿಳಿಯುವುದಿಲ್ಲ. ಹೀಗಾಗಿ ಜಾಲದ ಮಾಡೆಲ್, ವ್ಯೂ, ಕಂಟ್ರೋಲರ್ ಎಂಬುದು ಹೆಸರಿನಲ್ಲಿ ಹಳೆಯದಾದರೂ ವಸ್ತುತಃ ಹೊಸ ಏರ್ಪಾಡು. ಬಳಕೆದಾರನ ಸ್ವಾತಂತ್ರ್ಯಕ್ಕಾಗಿ ಹುಟ್ಟಿದ ವಿಚಾರ ಇಲ್ಲಿ ಕೆಲಸಗಾರರ ನಡುವಿನ ಶ್ರಮವಿಭಜನೆಯ ಸಾಧನವಾಗಿ ಮಾರ್ಪಟ್ಟಿತು. 2013ರಲ್ಲಿ ಸ್ಟ್ರಟ್ಸ್‌ನ ಮೊದಲ ಸರಣಿಗೆ ಬೆಂಬಲ ಕೊನೆಗೊಂಡಿತು. ಅದು ರೂಢಿಸಿದ ಶ್ರಮವಿಭಜನೆ ಉಳಿದುಕೊಂಡಿತು.

ಕಟ್ಟುನಿಟ್ಟಿನ ವಾದ ಮತ್ತು ಅದರ ಮಿತಿ

ಈ ವಿಂಗಡಣೆ ಎಷ್ಟು ಕಟ್ಟುನಿಟ್ಟಾಗಿರಬೇಕು ಎಂಬ ಪ್ರಶ್ನೆಯನ್ನು ಶಾಸ್ತ್ರೀಯವಾಗಿ ಎತ್ತಿದವರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ವಿಶ್ವವಿದ್ಯಾಲಯದ ಟೆರೆನ್ಸ್ ಪಾರ್ ಪ್ರಮುಖರು. 2004ರಲ್ಲಿ ನ್ಯೂಯಾರ್ಕಿನಲ್ಲಿ ನಡೆದ ವಿಶ್ವವ್ಯಾಪಿ ಜಾಲ ಸಮ್ಮೇಳನದಲ್ಲಿ ಅವರು ಮಂಡಿಸಿದ ಪ್ರಬಂಧದಲ್ಲಿ ಐದು ನಿಬಂಧನೆಗಳಿವೆ. ಪುಟದ ಅಚ್ಚು, ಅಂದರೆ ಟೆಂಪ್ಲೇಟ್, ಮೂಲ ದತ್ತಾಂಶವನ್ನು ಬದಲಾಯಿಸಬಾರದು. ದತ್ತಾಂಶದ ಮೇಲೆ ಲೆಕ್ಕ ಮಾಡಬಾರದು. ದತ್ತಾಂಶದ ಮೌಲ್ಯಗಳನ್ನು ಹೋಲಿಸಬಾರದು. ದತ್ತಾಂಶದ ಪ್ರಕಾರವನ್ನು ಊಹಿಸಿಕೊಳ್ಳಬಾರದು. ಐದನೆಯ ನಿಬಂಧನೆ ಮತ್ತೊಂದು ದಿಕ್ಕಿನದು: ದತ್ತಾಂಶದಲ್ಲಿ ಬಣ್ಣ, ವಿನ್ಯಾಸಗಳ ವಿವರ ಸೇರಿರಬಾರದು. ಶಿಸ್ತನ್ನು ಕ್ರಮವಿಧಿಕಾರರ ಒಳ್ಳೆಯತನಕ್ಕೆ ಬಿಡದೆ ಟೆಂಪ್ಲೇಟ್ ಭಾಷೆಯೇ ಅದನ್ನು ವಿಧಿಸಬೇಕು ಎಂಬುದು ಪಾರ್ ಅವರ ನಿಲುವು. ತಾವು ರೂಪಿಸಿದ ಸ್ಟ್ರಿಂಗ್‌ಟೆಂಪ್ಲೇಟ್ ಎಂಬ ಸಾಧನದಲ್ಲಿ ಅವರು ಇದನ್ನು ಜಾರಿಗೊಳಿಸಿದರು.

ಅವಧಿ ಮೀರಿದ ಪುಸ್ತಕಗಳನ್ನು ಕೆಂಪಾಗಿ ತೋರಿಸಬೇಕಾದ ಸಂದರ್ಭವನ್ನು ಈ ನಿಬಂಧನೆಗಳಿಗೆ ಒಡ್ಡಿ ನೋಡಬಹುದು. ಇಂದಿನ ದಿನಾಂಕವನ್ನು ಹಿಂದಿರುಗಿಸಬೇಕಾದ ದಿನಾಂಕದೊಡನೆ ಟೆಂಪ್ಲೇಟ್ ಹೋಲಿಸುವಂತಿಲ್ಲ. ಅವಧಿ ಮೀರಿದೆ ಎಂಬ ತೀರ್ಪನ್ನು ವ್ಯವಹಾರ ತರ್ಕವೇ ಕೊಡಬೇಕು. ಅದಕ್ಕೆ ಕೆಂಪು ಬಣ್ಣ ಹಚ್ಚುವುದು ಮಾತ್ರ ಟೆಂಪ್ಲೇಟಿನ ಪಾಲು. ಈ ವಿಂಗಡಣೆ ಮೇಲ್ನೋಟಕ್ಕೆ ಅತಿಯೆನಿಸಿದರೂ ಸಾರ್ಥಕವಾದದ್ದು. ರಜಾದಿನಗಳನ್ನು ಅವಧಿಯ ಲೆಕ್ಕದಿಂದ ಬಿಡಬೇಕೆಂದು ಸಮಿತಿ ನಾಳೆ ತೀರ್ಮಾನಿಸಿದರೆ ಒಂದೇ ಒಂದು ಟೆಂಪ್ಲೇಟನ್ನೂ ಮುಟ್ಟಬೇಕಾಗುವುದಿಲ್ಲ. ಆದರೆ ಪಟ್ಟಿಯ ಸಾಲುಗಳಿಗೆ ಸರದಿಯಂತೆ ಎರಡು ಬಣ್ಣ ಹಚ್ಚುವುದು, ಪಟ್ಟಿ ಬರಿದಾಗಿದ್ದರೆ ಬೇರೆ ಮಾತನ್ನು ತೋರಿಸುವುದು ಮುಂತಾದವು ಸ್ವತಃ ಪ್ರಸ್ತುತಿಗೆ ಸೇರಿದ ತರ್ಕಗಳು. ಪ್ರಸ್ತುತಿಯಲ್ಲಿ ತರ್ಕವೇ ಇರಬಾರದು ಎಂಬ ಮಾತು ನಿಲ್ಲುವುದಿಲ್ಲ. ಯಾವ ತರ್ಕ ಎಂಬುದಷ್ಟೇ ಪ್ರಶ್ನೆ.

ಆ ವರ್ಷಗಳ ಎರಡು ಪ್ರಸಿದ್ಧ ಚೌಕಟ್ಟುಗಳು ಈ ಪ್ರಶ್ನೆಗೆ ಬೇರೆ ಬೇರೆ ಉತ್ತರ ನೀಡಿದವು. 2004ರಲ್ಲಿ ಡೇವಿಡ್ ಹೈನೆಮಿಯರ್ ಹಾನ್ಸನ್ ಬಿಡುಗಡೆ ಮಾಡಿದ ರೂಬಿ ಆನ್ ರೈಲ್ಸ್ ಟೆಂಪ್ಲೇಟಿನಲ್ಲಿ ಪೂರ್ಣ ರೂಬಿ ಭಾಷೆಗೆ ಅವಕಾಶ ನೀಡಿ, ಶಿಸ್ತನ್ನು ರೂಢಿಗೆ ಬಿಟ್ಟಿತು. 2005ರಲ್ಲಿ ಬಿಡುಗಡೆಯಾದ ಜಾಂಗೊ ಹುಟ್ಟಿದ್ದು ಅಮೆರಿಕದ ಕಾನ್ಸಾಸ್ ರಾಜ್ಯದ ಲಾರೆನ್ಸ್ ಎಂಬ ಊರಿನ ದಿನಪತ್ರಿಕೆಯ ಕಚೇರಿಯಲ್ಲಿ. ಅಲ್ಲಿ ಏಡ್ರಿಯನ್ ಹೊಲೊವಾಟಿ ಮತ್ತು ಸೈಮನ್ ವಿಲಿಸನ್ 2003ರಿಂದ ಇದನ್ನು ಕಟ್ಟತೊಡಗಿದ್ದರು. ಪತ್ರಿಕಾ ಕಚೇರಿಯಲ್ಲಿ ಪುಟ ವಿನ್ಯಾಸಕಾರರೂ ಕ್ರಮವಿಧಿಕಾರರೂ ಗಡುವಿನ ಒತ್ತಡದಲ್ಲಿ ಜೊತೆಯಾಗಿ ದುಡಿಯುತ್ತಾರೆ. ಜಾಂಗೊ ತನ್ನ ಟೆಂಪ್ಲೇಟ್ ಭಾಷೆಯನ್ನು ಉದ್ದೇಶಪೂರ್ವಕವಾಗಿ ಸೀಮಿತಗೊಳಿಸಿತು. 2009ರ ಮಸ್ಟಾಶ್ ಈ ಮಿತಿಯನ್ನು ಇನ್ನೂ ಮುಂದಕ್ಕೆ ಒಯ್ದು ತರ್ಕರಹಿತ ಟೆಂಪ್ಲೇಟ್ ಎಂದೇ ತನ್ನನ್ನು ಕರೆದುಕೊಂಡಿತು.

ಈ ಚರ್ಚೆಗೆ ಸುರಕ್ಷತೆಯ ಮುಖವೂ ಇದೆ. ಬಳಕೆದಾರರು ನಮೂದಿಸಿದ ಮಾತುಗಳಲ್ಲಿ ಅಡಗಿದ ದುರುದ್ದೇಶದ ಆಜ್ಞೆಗಳು ಇತರರ ಬ್ರೌಸರಿನಲ್ಲಿ ಜಾರಿಯಾಗುವ ಅಪಾಯದ ಬಗ್ಗೆ ಅಮೆರಿಕದ ಸರ್ಟ್ ಕೇಂದ್ರ 2000ದ ಫೆಬ್ರವರಿಯಲ್ಲಿ ಎಚ್ಚರಿಕೆ ನೀಡಿತ್ತು. ದತ್ತಾಂಶವನ್ನು ಇದ್ದಂತೆಯೇ ಕಾಪಿಟ್ಟು, ಪುಟಕ್ಕೆ ಬರುವಾಗ ಅಪಾಯಕಾರಿ ಚಿಹ್ನೆಗಳನ್ನು ನಿರುಪದ್ರವಿ ರೂಪಕ್ಕೆ ತರುವ ಹೊಣೆ ಪ್ರಸ್ತುತಿಗೇ ಸೇರಿದ್ದು. 2008ರ ಜಾಂಗೊ 1.0 ಆವೃತ್ತಿಯಲ್ಲಿ ಟೆಂಪ್ಲೇಟುಗಳು ಈ ಕೆಲಸವನ್ನು ತಾವಾಗಿಯೇ ಮಾಡುವ ಏರ್ಪಾಡು ಇತ್ತು. ಗೆರೆ ಸ್ಪಷ್ಟವಾಗಿದ್ದರೆ ಹೊಣೆಯೂ ಸ್ಪಷ್ಟವಾಗಿರುತ್ತದೆ ಎಂಬುದಕ್ಕೆ ಇದು ನಿದರ್ಶನ.

ಗ್ರಂಥಾಲಯ ತಂತ್ರಾಂಶದ ನಿದರ್ಶನ

ಭಾರತದ ಅನೇಕ ಗ್ರಂಥಾಲಯಗಳಲ್ಲಿ ಬಳಕೆಯಲ್ಲಿರುವ ಕೊಹಾ ಎಂಬ ಮುಕ್ತ ತಂತ್ರಾಂಶದ ಬೆಳವಣಿಗೆ ಈ ಇಡೀ ಚರಿತ್ರೆಯ ಸಂಗ್ರಹರೂಪದಂತಿದೆ. ನ್ಯೂಜಿಲೆಂಡಿನ ಹೊರೊವೆನುವಾ ಲೈಬ್ರರಿ ಟ್ರಸ್ಟ್‌ಗಾಗಿ ಕಾಟಿಪೊ ಕಮ್ಯುನಿಕೇಷನ್ಸ್ 1999ರಲ್ಲಿ ಇದನ್ನು ನಿರ್ಮಿಸಿತು. 2000ದ ಜನವರಿಯಲ್ಲಿ ಇದು ಬಳಕೆಗೆ ಬಂದಿತು. ಮಾವೋರಿ ಭಾಷೆಯಲ್ಲಿ ಕೊಹಾ ಎಂದರೆ ಕೊಡುಗೆ. ಪರ್ಲ್ ಭಾಷೆಯ ಈ ತಂತ್ರಾಂಶದ ಆರಂಭಿಕ ಆವೃತ್ತಿಗಳಲ್ಲಿ ಪುಟದ ಭಾಗಗಳನ್ನು ಕ್ರಮವಿಧಿಯೇ ರಚಿಸುತ್ತಿತ್ತು. ಮುಂದೆ ಪುಟಗಳನ್ನು ಪ್ರತ್ಯೇಕ ಟೆಂಪ್ಲೇಟುಗಳಿಗೆ ಸಾಗಿಸಲಾಯಿತು. 2011ರ 3.4 ಆವೃತ್ತಿಯಲ್ಲಿ ಟೆಂಪ್ಲೇಟ್ ವ್ಯವಸ್ಥೆಯನ್ನೇ ಬದಲಾಯಿಸಿ ಟೆಂಪ್ಲೇಟ್ ಟೂಲ್‌ಕಿಟ್ ಎಂಬುದನ್ನು ಅಳವಡಿಸಲಾಯಿತು. ಪುಟಗಳು ಆ ಮೊದಲೇ ಕ್ರಮವಿಧಿಯಿಂದ ಹೊರಬಂದಿದ್ದುದರಿಂದಲೇ ಇಂತಹ ಬದಲಾವಣೆ ಸಾಧ್ಯವಾಯಿತು.

ಇದರ ಎರಡು ಫಲಗಳನ್ನು ವಿಶೇಷವಾಗಿ ಗಮನಿಸಬೇಕು. ಮೊದಲನೆಯದು ಭಾಷೆಗೆ ಸಂಬಂಧಿಸಿದ್ದು. ಟೆಂಪ್ಲೇಟುಗಳಲ್ಲಿರುವ ಮಾತುಗಳನ್ನು ಪ್ರತ್ಯೇಕ ಕಡತಗಳಿಗೆ ತೆಗೆದು ಅನುವಾದಿಸುವ ಕ್ರಮ ಕೊಹಾದಲ್ಲಿದೆ. ಕನ್ನಡವೂ ಸೇರಿದಂತೆ ಅನೇಕ ಭಾಷೆಗಳಲ್ಲಿ ಅನುವಾದ ಕಡತಗಳು ಸಿದ್ಧವಾಗಿವೆ. ಅನುವಾದಕ ಪರ್ಲ್ ಭಾಷೆಯ ಒಂದಕ್ಷರವನ್ನೂ ಅರಿಯಬೇಕಾಗಿಲ್ಲ. ಎರಡನೆಯದು ನಿಯಮಕ್ಕೆ ಸಂಬಂಧಿಸಿದ್ದು. ಎರವಲಿನ ಅವಧಿ, ಪುಸ್ತಕಗಳ ಸಂಖ್ಯೆ, ದಂಡದ ದರ ಇವು ಕೊಹಾದಲ್ಲಿ ಪುಟದಲ್ಲಿಯೂ ಇಲ್ಲ, ಕ್ರಮವಿಧಿಯಲ್ಲಿಯೂ ಇಲ್ಲ. ಶಾಖೆ, ಸದಸ್ಯರ ವರ್ಗ, ಸಾಮಗ್ರಿಯ ಬಗೆ ಇವುಗಳಿಗೆ ಅನುಸಾರವಾಗಿ ಗ್ರಂಥಪಾಲಕರೇ ಅವುಗಳನ್ನು ಒಂದು ಕೋಷ್ಟಕದಲ್ಲಿ ನಮೂದಿಸುತ್ತಾರೆ. ನಿಯಮವನ್ನು ರೂಪಿಸುವ ಹೊಣೆಯುಳ್ಳವರ ಕೈಗೇ ಅದನ್ನು ತಿದ್ದುವ ಅಧಿಕಾರವೂ ಮರಳಿತು. ರೀನ್‌ಸ್ಕೌಗ್ ಅವರ ಮೂಲ ಆಶಯಕ್ಕೆ, ಅಂದರೆ ವಿಷಯದ ಮೇಲೆ ಬಳಕೆದಾರನ ಹಿಡಿತಕ್ಕೆ, ಈ ಕೋಷ್ಟಕ ಹೆಚ್ಚು ಹತ್ತಿರವಾಗಿದೆ ಎನ್ನಬಹುದು.

ಬ್ರೌಸರಿಗೆ ಸರಿದ ಗೆರೆ

2005ರಲ್ಲಿ ಜೆಸ್ಸಿ ಜೇಮ್ಸ್ ಗ್ಯಾರೆಟ್ ಅವರು ಅಜಾಕ್ಸ್ ಎಂದು ಹೆಸರಿಸಿದ ತಂತ್ರಗಳ ಸಮೂಹ ಪುಟವನ್ನು ಪೂರ್ತಿ ಬದಲಾಯಿಸದೆ ಅದರ ಒಂದು ಭಾಗವನ್ನಷ್ಟೇ ನವೀಕರಿಸುವ ಪದ್ಧತಿಯನ್ನು ಜನಪ್ರಿಯಗೊಳಿಸಿತು. ಕ್ರಮೇಣ ಸರ್ವರ್ ಬರಿಯ ದತ್ತಾಂಶವನ್ನು ಕಳುಹಿಸುವ, ಪುಟವನ್ನು ಬ್ರೌಸರಿನಲ್ಲಿರುವ ಕ್ರಮವಿಧಿಯೇ ಚಿತ್ರಿಸುವ ವಿಧಾನ ಬಳಕೆಗೆ ಬಂದಿತು. ಒಂದು ಅರ್ಥದಲ್ಲಿ ವಿಂಗಡಣೆ ಇಲ್ಲಿ ಪೂರ್ಣಗೊಂಡಿತು, ಏಕೆಂದರೆ ನಿಯಮ ಮತ್ತು ನೋಟಗಳು ಬೇರೆ ಬೇರೆ ಯಂತ್ರಗಳಲ್ಲಿ ನೆಲಸಿದವು.

ಅದೇ ಹೊತ್ತಿಗೆ ಗೆರೆ ಇನ್ನೊಂದು ಕಡೆ ಮಸುಕಾಯಿತು. 2013ರಲ್ಲಿ ಫೇಸ್‌ಬುಕ್ ಸಂಸ್ಥೆ ಮುಕ್ತಗೊಳಿಸಿದ ರಿಯಾಕ್ಟ್‌ನಲ್ಲಿ ಪುಟದ ಗುರುತುಗಳನ್ನು ಕ್ರಮವಿಧಿಯ ಸಾಲುಗಳ ನಡುವೆಯೇ ಬರೆಯಲಾಗುತ್ತದೆ. ಇದು ಪರ್ಲ್ ಕಾಲಕ್ಕೆ ಮರಳಿದಂತೆ ಎಂದು ಅನೇಕರು ಆಕ್ಷೇಪಿಸಿದರು. ಟೆಂಪ್ಲೇಟ್ ಮತ್ತು ಕ್ರಮವಿಧಿಗಳನ್ನು ಎರಡು ಕಡತಗಳಲ್ಲಿ ಇರಿಸಿದ ಮಾತ್ರಕ್ಕೆ ಕಾಳಜಿಗಳು ಬೇರ್ಪಡುವುದಿಲ್ಲ, ಬೇರ್ಪಡುವುದು ಭಾಷೆಗಳು ಮಾತ್ರ ಎಂಬುದು ಅದನ್ನು ರೂಪಿಸಿದವರ ಸಮರ್ಥನೆ. ಪರದೆಯ ಒಂದು ಗುಂಡಿಯ ರೂಪ ಮತ್ತು ಅದರ ವರ್ತನೆ ಒಟ್ಟಿಗೆ ಬದಲಾಗುವುದರಿಂದ ಅವು ಒಟ್ಟಿಗೆ ಇರುವುದೇ ಉಚಿತ ಎಂಬ ಈ ವಾದ ಪಾರ್ನಾಸ್ ಅವರ 1972ರ ತರ್ಕಕ್ಕೆ ಅನುಗುಣವಾಗಿಯೇ ಇದೆ. ಸಂಸ್ಥೆಯ ನಿಯಮಕ್ಕೆ ಮಾತ್ರ ಇದು ಅನ್ವಯಿಸುವುದಿಲ್ಲ. ಬ್ರೌಸರ್ ಬಳಕೆದಾರನ ಕೈಯಲ್ಲಿರುವ ಯಂತ್ರ. ಅಲ್ಲಿ ನಡೆಯುವ ತಪಾಸಣೆಯನ್ನು ತಪ್ಪಿಸಿ ಕೋರಿಕೆ ಕಳುಹಿಸುವುದು ಕಷ್ಟವಲ್ಲ. ಬ್ರೌಸರಿನ ತಪಾಸಣೆ ಸೌಜನ್ಯಕ್ಕೆ, ಸರ್ವರಿನ ತಪಾಸಣೆ ನ್ಯಾಯಕ್ಕೆ ಎಂಬ ವಿವೇಕ ಇಲ್ಲಿ ಬೇಕಾಗುತ್ತದೆ.

ಕನ್ನಡ ಲಿಪಿಯ ಅನುಭವ

ವಿಷಯ ಮತ್ತು ನೋಟಗಳನ್ನು ಬೇರ್ಪಡಿಸದಿದ್ದರೆ ಆಗುವ ನಷ್ಟವನ್ನು ಕನ್ನಡವು ತನ್ನ ಲಿಪಿಯ ಮಟ್ಟದಲ್ಲಿಯೇ ಅನುಭವಿಸಿದೆ. ಬ್ರಾಹ್ಮೀಮೂಲದ ಲಿಪಿಗಳಿಗೆ ಧ್ವನಿಯಾಧಾರಿತ ಸಂಕೇತಗಳನ್ನು ನಿಗದಿಪಡಿಸಿದ ಇಸ್ಕಿ ಮಾನಕ 1991ರಲ್ಲಿಯೇ ಪ್ರಕಟವಾಗಿತ್ತು. ಅದೇ ವರ್ಷ ಹೊರಬಂದ ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲಿಯೂ ಕನ್ನಡಕ್ಕೆ ಸ್ಥಾನವಿತ್ತು. ಆದರೆ 1990ರ ದಶಕದ ಮುದ್ರಣಕ್ಕಾಗಿ ಬಂದ ತಂತ್ರಾಂಶಗಳು ಅಕ್ಷರವನ್ನು ಕೂಡಿಡುವ ಬದಲು ಅಕ್ಷರದ ಆಕಾರಗಳ ತುಣುಕುಗಳನ್ನು ಕೂಡಿಡುತ್ತಿದ್ದವು. ಒತ್ತು, ದೀರ್ಘ, ಕೊಂಬು ಇವುಗಳಿಗೆ ಒಂದೊಂದು ಸಂಖ್ಯೆ. ತಯಾರಕರು ಬೇರೆಯಾದಂತೆ ಸಂಖ್ಯೆಗಳೂ ಬೇರೆ. ಒಂದು ತಂತ್ರಾಂಶದಲ್ಲಿ ಬೆರಳಚ್ಚು ಮಾಡಿದ ಪಠ್ಯ ಇನ್ನೊಂದರ ಅಕ್ಷರಶೈಲಿಯಲ್ಲಿ ಅರ್ಥವಿಲ್ಲದ ಗುರುತುಗಳಾಗಿ ಕಾಣುತ್ತಿತ್ತು. ಕನ್ನಡ ಗಣಕ ಪರಿಷತ್ತು ಏಕರೂಪದ ಸಂಕೇತಗಳನ್ನು ರೂಪಿಸಿ ನುಡಿ ತಂತ್ರಾಂಶದ ಮೂಲಕ ಪ್ರಚುರಪಡಿಸಿದ್ದು ಈ ಅರಾಜಕತೆಯನ್ನು ತಗ್ಗಿಸಿತು. ಆದರೂ ಅವು ಆಕಾರಗಳ ಸಂಕೇತಗಳಾಗಿಯೇ ಇದ್ದವು.

ಕರ್ನಾಟಕ ಎಂಬ ಪದವನ್ನೇ ನೋಡಬಹುದು. ಉಚ್ಚಾರಣೆಯಲ್ಲಿ ರಕಾರ ಮೊದಲು, ನಕಾರ ಆಮೇಲೆ. ಬರಹದಲ್ಲಿ ಅರ್ಕಾವತ್ತು ನಾ ಎಂಬುದರ ಬಲಕ್ಕೆ ಬರುತ್ತದೆ. ಆಕಾರಗಳ ಸಂಕೇತದಲ್ಲಿ ಕಂಡ ಕ್ರಮದಲ್ಲಿಯೇ, ಅಂದರೆ ನಾ ಆದ ಮೇಲೆ ಅರ್ಕಾವತ್ತು, ದಾಖಲಾಗುತ್ತದೆ. ಕಣ್ಣಿಗೆ ಪದ ಸರಿಯಾಗಿಯೇ ಇರುತ್ತದೆ; ಅಕಾರಾದಿ ಕ್ರಮದಲ್ಲಿ ಜೋಡಿಸುವಾಗ ಸ್ಥಾನ ತಪ್ಪುತ್ತದೆ, ಹುಡುಕಿದಾಗ ಸಿಗುವುದಿಲ್ಲ. ದತ್ತಾಂಶದಲ್ಲಿ ಪ್ರಸ್ತುತಿಯ ವಿವರ ಸೇರಿರಬಾರದು ಎಂಬ ಪಾರ್ ಅವರ ಐದನೆಯ ನಿಬಂಧನೆಯ ಉಲ್ಲಂಘನೆಗೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಸಿಗಲಾರದು. ಯೂನಿಕೋಡ್‌ನಲ್ಲಿ ಪದವು ಉಚ್ಚಾರಣೆಯ ಕ್ರಮದಲ್ಲಿ ದಾಖಲಾಗಿ, ಅರ್ಕಾವತ್ತನ್ನು ಎಲ್ಲಿ ಚಿತ್ರಿಸಬೇಕೆಂಬ ಕೆಲಸ ಅಕ್ಷರಶೈಲಿಯ ಪಾಲಿಗೆ ಬರುತ್ತದೆ. 2001ರ ವಿಂಡೋಸ್ ಎಕ್ಸ್‌ಪಿ ತುಂಗಾ ಅಕ್ಷರಶೈಲಿಯೊಡನೆ ಬಂದ ಮೇಲೆ ಸಾಮಾನ್ಯ ಗಣಕಗಳಲ್ಲಿ ಇದು ಸಾಧ್ಯವಾಗತೊಡಗಿತು. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯ ಯೂನಿಕೋಡ್ ಪಠ್ಯವನ್ನೇ ಆಧರಿಸಿ ಬೆಳೆಯಿತು. ಅದಕ್ಕೂ ಮುನ್ನ ಆಕಾರಗಳ ಸಂಕೇತದಲ್ಲಿ ಸಿದ್ಧವಾದ ಪುಸ್ತಕಗಳು, ಪತ್ರಿಕೆಗಳು, ಸಂಗ್ರಹಗಳನ್ನು ಪರಿವರ್ತಿಸಿ ಕರಡು ತಿದ್ದುವ ಶ್ರಮ ಮುಂದಿನ ತಲೆಮಾರಿನ ಪಾಲಿಗೆ ಬಂದಿತು.

ಯೂನಿಕೋಡ್ ಕೂಡ ಪೂರ್ಣ ಶುದ್ಧವಲ್ಲ. ಅರ್ಕಾವತ್ತಿಗೆ ಬದಲಾಗಿ ರಕಾರದ ಕೆಳಗೆ ಒತ್ತಕ್ಷರ ಬರುವಂತೆ ಬರೆಯಬೇಕಾದರೆ ಪಠ್ಯದೊಳಗೆ ಕಣ್ಣಿಗೆ ಕಾಣದ ಜೋಡಕ ಚಿಹ್ನೆಯೊಂದನ್ನು ಸೇರಿಸಬೇಕಾಗುತ್ತದೆ. ನೋಟದ ಸೂಚನೆ ವಿಷಯದೊಳಗೆ ಉಳಿದೇ ಉಳಿಯಿತು. ಆದರೆ ಅದು ಎಲ್ಲಿದೆ ಎಂಬುದು ಗೊತ್ತಿರುವುದರಿಂದ ಹುಡುಕುವ ತಂತ್ರಾಂಶ ಅದನ್ನು ಬದಿಗಿಡಬಲ್ಲದು.

ಉಪಸಂಹಾರ

ಈವರೆಗಿನ ವಿವೇಚನೆಯಿಂದ ಕೆಲವು ತೀರ್ಮಾನಗಳಿಗೆ ಬರಬಹುದು. ನಿಯಮ ಮತ್ತು ನೋಟಗಳ ಸಂಪೂರ್ಣ ವಿಂಗಡಣೆ ಯಾವ ಘಟ್ಟದಲ್ಲಿಯೂ ಸಿದ್ಧಿಸಿಲ್ಲ. ಪ್ರತಿ ಹೊಸ ತಂತ್ರವೂ ಹಳೆಯ ಗೆರೆಯನ್ನು ಅಳಿಸಿ ಬೇರೆಡೆ ಎಳೆದಿದೆ. ಹೀಗಿದ್ದರೂ ಎಲ್ಲ ಗೆರೆಗಳೂ ಸಮಾನವಲ್ಲ. ನಿಯಮಕ್ಕೆ ಒಂದೇ ಅಧಿಕೃತ ನೆಲೆಯಿರುವಂತೆ, ಅದನ್ನು ತಿದ್ದುವ ಅಧಿಕಾರ ಹೊಣೆಯುಳ್ಳವರಿಗೆ ದೊರೆಯುವಂತೆ, ಹೆಚ್ಚು ಕಾಲ ಬಾಳಬೇಕಾದದ್ದು ಬೇಗ ಹಳತಾಗುವುದರೊಳಗೆ ಸಿಕ್ಕಿಕೊಳ್ಳದಂತೆ ಎಳೆದ ಗೆರೆಯೇ ಮೇಲು.

ತಾಳಮದ್ದಳೆಯಲ್ಲಿ ವೇಷ, ಕುಣಿತಗಳು ಹೋದದ್ದರಿಂದ ಅರ್ಥಗಾರಿಕೆ ಬೆಳೆಯಿತು. ವಾದದ ವಿಸ್ತಾರಕ್ಕೆ ಎಡೆಯಾಗಿ ಪ್ರಸಂಗದ ಒತ್ತೂ ಬದಲಾಯಿತು. ಪ್ರಸ್ತುತಿಯನ್ನು ಕಳಚಿದಾಗ ಉಳಿಯುವುದು ಹಿಂದಿನ ಪಠ್ಯವೇ ಆಗಿರುವುದಿಲ್ಲ ಎಂಬುದನ್ನು ಜಾನಪದ ವಿದ್ವಾಂಸರು ಬಲ್ಲರು. ಆದರೂ ಹಾಡಿನ ಪಠ್ಯವನ್ನು, ಹಾಡಿದವರ ವಿವರವನ್ನು, ಧ್ವನಿಮುದ್ರಣವನ್ನು ಅವರು ಪ್ರತ್ಯೇಕವಾಗಿ ದಾಖಲಿಸುತ್ತಾರೆ. ಮುಂದೊಂದು ದಿನ ಬೇರೊಬ್ಬರು ಅವುಗಳನ್ನು ಬೇರೊಂದು ಬಗೆಯಲ್ಲಿ ಕೂಡಿಸಿ ನೋಡಬೇಕಾಗುತ್ತದೆ ಎಂಬುದೇ ಅದಕ್ಕೆ ಕಾರಣ. ಕನ್ನಡದ ಹಸ್ತಪ್ರತಿ, ಶಾಸನ, ಜನಪದ ಸಾಹಿತ್ಯಗಳನ್ನು ಜಾಲಕ್ಕೆ ತರುವ ಸಂಸ್ಥೆಗಳು ಪುಟದ ಅಂದಕ್ಕಿಂತ ಮೊದಲು ಪಠ್ಯ ಯಾವ ಸಂಕೇತದಲ್ಲಿದೆ, ವರ್ಗೀಕರಣದ ನಿಯಮ ಎಲ್ಲಿ ದಾಖಲಾಗಿದೆ, ಅದನ್ನು ವಿದ್ವಾಂಸರೇ ತಿದ್ದಬಲ್ಲರೇ ಎಂಬ ಪ್ರಶ್ನೆಗಳನ್ನು ಕೇಳಬೇಕು. ಜಾಲತಾಣದ ನೋಟ ಕೆಲವೇ ವರ್ಷಗಳಲ್ಲಿ ಹಳತಾಗುತ್ತದೆ. ಅದರೊಡನೆ ಸಂಗ್ರಹವೂ ಹಳತಾಗದಂತೆ ನೋಡಿಕೊಳ್ಳುವುದು ಅದನ್ನು ರೂಪಿಸುವವರ ಹೊಣೆ.